ಹಲ್ಲಕೋಸ್ಕಿಯ ಅಕ್ಕನಿಗೆ ಒಂದು ಎಲೆ

ಮಹಾಲಯ ಅಮಾವಾಸ್ಯೆಯ ದಿನ ಜಾನಕಿಯಮ್ಮ ನಾಲ್ಕು ಜನಕ್ಕೆ ಎಡೆ ಇಡುತ್ತಿದ್ದಳು. ಮಾವನಿಗೊಂದು ಎಲೆ, ಅತ್ತೆಗೊಂದು, ತನ್ನ ಅಪ್ಪನಿಗೊಂದು. ಗಂಡನ ಮನೆಯಲ್ಲಿ ಹೆಣ್ಣಿನ ಅಪ್ಪನಿಗೂ ಎಲೆ ಹಾಕುವುದು ಯಾವೂರ ಪದ್ಧತಿ ಅಂತ ನಾದಿನಿಯರು ಮೂಗು ಮುರಿದದ್ದುಂಟು. ಅದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ನಾಲ್ಕನೆಯ ಎಡೆ ಮಾತ್ರ ಮನೆಯಲ್ಲಿ ಇಡುವಂಥದ್ದಲ್ಲ. ವಡೆ, ಪಾಯಸ, ಕುಂಬಳಕಾಯಿ ಹುಳಿ, ಬಾಳೆಕಾಯಿ ಪಲ್ಯ, ಜೊತೆಗೆ ಒಂದು ಲೋಟಕ್ಕಾಗುವಷ್ಟು ಕಾಫಿ, ಇಷ್ಟೂ ಕ್ಯಾರಿಯರಿನೊಳಗೆ ಕೂತು ಅವಳೊಂದಿಗೆ ಬಸ್ಸು ಹತ್ತಿ ತಿರುಪ್ಪೂರಿನ ಅವಿನಾಶಿ ರಸ್ತೆಯ ಒಂದು ಸಂದಿಗೆ ಹೋಗುತ್ತಿತ್ತು. ಅಲ್ಲಿ ರಾಜೇಂದ್ರನ್ ಅವರ ಟೇಪ್ ಕಂಪನಿ. ಪೈಜಾಮದ ಲಾಡಿ, ಬನಿಯನ್ನಿನ ಕುತ್ತಿಗೆಪಟ್ಟಿ, ಶಾಲೆಯ ಹುಡುಗಿಯರ ಜಡೆಗೆ ಕಟ್ಟುವ ಕೆಂಪು ರಿಬ್ಬನ್, ಇವೆಲ್ಲ ಅಲ್ಲಿ ತಯಾರಾಗುತ್ತವೆ.

ಆ ಕಂಪನಿಯ ಮೂಲೆಯಲ್ಲಿ ಒಂದು ಹಳೆಯ ರಿಬ್ಬನ್ ಮಗ್ಗವಿತ್ತು. ಅದರ ಮೈಯ ಒಂದು ಬದಿಗೆ ಅಂಗೈ ಅಗಲದ ಕಬ್ಬಿಣದ ಬಾಗಿಲು. ಬಾಗಿಲು ತೆರೆದರೆ ಒಳಮೈಗೆ ಅಂಟಿಸಿದ ಒಬ್ಬ ಬಿಳಿಯ ಹೆಂಗಸಿನ ಫೋಟೋ. ತಲೆಗೆ ಬಟ್ಟೆ ಕಟ್ಟಿದ್ದಾಳೆ, ನಗು ತಡೆಯಲಾಗದೆ ಹಲ್ಲು ಬಿಟ್ಟಿದ್ದಾಳೆ, ಮುಂದಿನ ಎರಡು ಹಲ್ಲಿನ ನಡುವೆ ಸಂದು. ಜಾನಕಿಯಮ್ಮನ ನಾಲ್ಕನೆಯ ಎಲೆ ಇವಳದು. ಹೆಸರು ಗೊತ್ತಿಲ್ಲ, ಕುಲ ಗೊತ್ತಿಲ್ಲ. ಊರು ಮಾತ್ರ ಗೊತ್ತು, ಹಲ್ಲಕೋಸ್ಕಿ. ಆ ಊರು ಎಲ್ಲಿದೆ ಎಂದು ಕೇಳಿದರೆ ಫಿನ್‌ಲ್ಯಾಂಡಿನಲ್ಲಿ ಎನ್ನುತ್ತಿದ್ದಳು, ಫಿನ್‌ಲ್ಯಾಂಡ್ ಎಲ್ಲಿ ಎಂದರೆ ಬೇಸರಪಟ್ಟುಕೊಂಡು ಕೆಲಸ ನೋಡಿಕೊಳ್ಳಲು ಹೇಳುತ್ತಿದ್ದಳು.

ಫೋಟೋದ ಹಣೆಗೆ ಕುಂಕುಮ, ಮೇಲೆ ಒಂದು ಮೊಳ ಮಲ್ಲಿಗೆ, ಕೆಳಗೆ ಎಲೆ. ಬಡಿಸಿ, ಕಾಯಿ ಒಡೆದು, ಕೈಮುಗಿದು ಹಿಂದೆ ಸರಿದರೆ ಆಮೇಲೆ ಇಡೀ ಕಂಪನಿಗೆ ಒಂದೊಂದು ವಡೆ. ಸಂಬಳ ಕೊಡುವ ತನಗೆ ಕೊನೆಯಲ್ಲಿ ವಡೆ, ಸತ್ತ ಬಿಳಿಯಮ್ಮನಿಗೆ ಮೊದಲ ವಡೆ ಅಂತ ರಾಜೇಂದ್ರನ್ ಪ್ರತಿ ವರ್ಷವೂ ತಮಿಳಿನಲ್ಲಿ ಗೊಣಗುತ್ತಿದ್ದರು. ಆದರೆ ಆ ದಿನ ಬೇರೆಲ್ಲೂ ಊಟಕ್ಕೆ ಒಪ್ಪಿಕೊಳ್ಳುತ್ತಿರಲಿಲ್ಲ ಎನ್ನುವುದೂ ನಿಜ.

ಜಾನಕಿಯಮ್ಮ ಹುಟ್ಟಿದ್ದು ಭವಾನಿ ಹೊಳೆಯ ಪಕ್ಕದ ಸಿರುಮುಗೈಯಲ್ಲಿ, ನೇಕಾರರ ಬೀದಿಯಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವಳ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಎಂದೋ ಯಾರೋ ಮೈಸೂರಿನಿಂದ ತಂದುಕೊಟ್ಟ ಚೌಡೇಶ್ವರಿಯ ಪಟದ ಕೆಳಗೆ ಏನು ಬರೆದಿದೆ ಎಂದು ಕೇಳಿದರೆ ಅವಳಪ್ಪ ಗಂಭೀರವಾಗಿ ನೋಡಿ, ಒಳ್ಳೇದೇ ಬರೆದಿರ್ತಾರೆ ಅನ್ನುತ್ತಿದ್ದ. ಆದರೆ ಮಗ್ಗದ ವಿಷಯದಲ್ಲಿ ಅವನಿಗೆ ಎಲ್ಲಕ್ಕೂ ಒಂದು ಕಟ್ಟಳೆ. ಅಮಾವಾಸ್ಯೆಯ ದಿನ ಲಾಳಿ ಮುಟ್ಟಬಾರದು. ಹಾಸು ಕತ್ತರಿಸಿದ ಮಗ್ಗವನ್ನು ಬರಿದಾಗಿ ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಗ್ಗಕ್ಕೆ ಕೂರುವ ಮೊದಲು ಅಲ್ಲಿ ತನಗಿಂತ ಮುಂಚೆ ಕೂತಿದ್ದವರನ್ನು ನೆನೆದು ಕೂರಬೇಕು. ಅವರು ಸತ್ತವರಾದರೆ ಅಮಾವಾಸ್ಯೆಗೆ ಅವರಿಗೊಂದು ಎಲೆ. ಕೂತ ಜಾಗದ ಋಣ ಅದು ಅಂತ ಅವನ ವಾದ. ಬೀದಿಯ ಬೇರೆ ಮನೆಗಳಲ್ಲಿ ಇಷ್ಟು ಇರಲಿಲ್ಲ. ಇವನದು ಸ್ವಲ್ಪ ಜಾಸ್ತಿಯೇ ಆಯಿತು ಅಂತ ಹೆಂಡತಿಯೇ ಅನ್ನುತ್ತಿದ್ದಳು.

ರಂಗಸಾಮಿಯನ್ನು ಮದುವೆಯಾಗಿ ಜಾನಕಿಯಮ್ಮ ತಿರುಪ್ಪೂರಿಗೆ ಬಂದಳು. ಅವನೂ ನೇಕಾರನೇ, ಮೆದು ಮಾತಿನವನು. ಬಂದ ಹೊಸತರಲ್ಲೇ ಕೈಮಗ್ಗದ ಸೀರೆಯನ್ನು ಕೇಳುವವರಿಲ್ಲದಂತಾಯಿತು, ಊರೆಲ್ಲ ಬನಿಯನ್ನಿನ ಹಿಂದೆ ಬಿದ್ದಿತ್ತು. ಮನೆಯ ಮಗ್ಗದ ಗುಂಡಿಯನ್ನು ಮುಚ್ಚಿ ಮೇಲೆ ಸಿಮೆಂಟು ಬಳಿದ ದಿನ ಅವಳು ಒಲೆ ಹಚ್ಚಲಿಲ್ಲ. ರಂಗಸಾಮಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಕೆಲಸಕ್ಕೆ ಹೋದ. ಅವಳು ರಾಜೇಂದ್ರನ್ ಅವರ ಕಂಪನಿ ಸೇರಿ, ನೂಲಿನ ಗೂಡೆಗಳನ್ನು ಹೊತ್ತು ಹಾಕುವ ಕೆಲಸ ಹಿಡಿದಳು.

ಮಗ್ಗ ಬಂದದ್ದು ತೊಂಬತ್ತನಾಲ್ಕರಲ್ಲಿ. ಹೊಸ ಯಂತ್ರ ಕೊಳ್ಳುವ ತಾಕತ್ತಿಲ್ಲದ ರಾಜೇಂದ್ರನ್, ಎಲ್ಲೋ ಮುಚ್ಚಿಹೋದ ಗಿರಣಿಯ ಹಳೆಯ ಮಗ್ಗವನ್ನು ದಲ್ಲಾಳಿಯೊಬ್ಬನ ಮೂಲಕ ತರಿಸಿದ್ದರು. ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂತು. ಜೋಡಿಸಲು ಅದರ ಜೊತೆಗೇ ಒಬ್ಬ ಮನುಷ್ಯನೂ ಬಂದ. ಎಸ್ಕೋ ಅಂತ ಹೆಸರು. ತೊಲೆಯಂಥ ಆಳು, ಸೂರ್ಯನಿಗೆ ಬೆಂದು ಮೂಗು ಸಿಪ್ಪೆ ಎದ್ದಿತ್ತು. ಇಂಗ್ಲಿಷ್ ಅವನಿಗೂ ಅಷ್ಟಕ್ಕಷ್ಟೇ, ಇಲ್ಲಿಯವರಿಗೂ ಅಷ್ಟಕ್ಕಷ್ಟೇ. ಅವನ ಸ್ವಂತ ಭಾಷೆಯಲ್ಲೂ ಅವನು ಹೆಚ್ಚು ಮಾತಾಡುವವನಲ್ಲ ಎಂದು ಜಾನಕಿಯಮ್ಮನಿಗೆ ಎರಡನೆಯ ದಿನಕ್ಕೇ ಗೊತ್ತಾಯಿತು. ಸ್ಪ್ಯಾನರು ಬೆರಳಿಗೆ ಬಿದ್ದಾಗಲೂ ಅವನು ಬಾಯಿ ಬಿಡಲಿಲ್ಲ.

ಮಗ್ಗದ ಬಳಿ ಅವನ ಕೈಗೆ ಬೇಕಾದ್ದನ್ನು ಬೇಕಾದಾಗ ಕೊಡುತ್ತಿದ್ದವಳು ಅವಳೊಬ್ಬಳೇ. ಸರಿ, ಮಗ್ಗ ಓಡಿಸುವುದನ್ನು ಅವಳಿಗೇ ಕಲಿಸಿದ. ಬಿಡುವಿನಲ್ಲಿ ನೂಲಿನ ಪೆಟ್ಟಿಗೆಯ ರಟ್ಟಿನ ಮೇಲೆ ಪೆನ್ಸಿಲಿನಿಂದ ತನ್ನ ಊರು ಹಲ್ಲಕೋಸ್ಕಿಯನ್ನು ಬರೆದು ತೋರಿಸಿದ. ಭೋರ್ಗರೆದು ಇಳಿಯುವ ಹೊಳೆ, ಅದರ ದಡಕ್ಕೆ ಉದ್ದನೆಯ ಗಿರಣಿ, ಒಂದು ಚಿಮಣಿ, ಒಂದು ಚರ್ಚು, ಸಾಲಾಗಿ ಮರದ ಮನೆಗಳು. ಹಿಮ ಎಂದರೇನೆಂದು ಹೇಳಲು ಬಾರದೆ, ಸೋಡಾ ಅಂಗಡಿಯ ಐಸು ಪೆಟ್ಟಿಗೆಗೆ ಕೈ ಹಾಕಿ ತೋರಿಸಿ, ಆಮೇಲೆ ಕಂಪನಿಯ ತೊಲೆಗಳ ಮೇಲೆ ಕೂತ ಹತ್ತಿಯ ಜೂಲನ್ನು ತೋರಿಸಿದ. ಅವಳಿಗೆ ಅರ್ಥವಾಯಿತು: ಊರಿಗೆ ಊರೇ ಹತ್ತಿಯ ಜೂಲು ಬಿದ್ದು ಬೆಳ್ಳಗಾಗುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಒಂದು ಸಂಜೆ ಇಲ್ಲಿಯ ಹೊಳೆ ನೋಡುತ್ತೇನೆಂದು ನೊಯ್ಯಲ್ ಕಡೆ ನಡೆದುಹೋದವನು, ಕಾರ್ಖಾನೆಗಳು ಬಿಟ್ಟ ಬಣ್ಣದ ನೀರು ನೋಡಿ ಬಂದು ಮರುದಿನವೆಲ್ಲ ಮಂಕಾಗಿದ್ದ.

ಹೊರಡುವ ಮುಂಚಿನ ದಿನ ಅವನು ಆ ಪುಟ್ಟ ಬಾಗಿಲು ತೆರೆದು ಫೋಟೋ ತೋರಿಸಿದ. ಮೊದಲು ಫೋಟೋದ ಮೇಲೆ ಬೆರಳಿಟ್ಟ, ಆಮೇಲೆ ಮಗ್ಗದ ಮೇಲೆ, ಆಮೇಲೆ ತನ್ನ ಎದೆಯ ಮೇಲೆ. ಅಷ್ಟು ದೊಡ್ಡ ಗಂಡಸಿನ ಕಣ್ಣು ತುಂಬಿ ನೀರು ಮೀಸೆಗೆ ಇಳಿಯಿತು. ಅವನು ತಟ್ಟನೆ ತಿರುಗಿ ಎಣ್ಣೆಯ ಡಬ್ಬಿ ಹುಡುಕುವವನಂತೆ ಬಗ್ಗಿಬಿಟ್ಟ.

ಫೋಟೋದ ಕೆಳಗೆ ಶಾಯಿಯಲ್ಲಿ ೧೯೬೬ ಎಂದಿತ್ತು. ತನ್ನವರ ಗೋಡೆಗಳ ಮೇಲೆ ಫೋಟೋದ ಕೆಳಗೆ ಇಸವಿ ಬರೆದಿದ್ದರೆ ಅದು ತೀರಿಕೊಂಡ ವರ್ಷವೆಂದು ಜಾನಕಿಯಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ. ಬದುಕಿರುವ ಹೆಂಡತಿಯ ಫೋಟೋ ನೋಡಿ ಯಾವ ಗಂಡಸು ಅಳುತ್ತಾನೆ? ಪಾಪ, ಈ ಮಗ್ಗಕ್ಕೆ ಕೂತೇ ಚಿಕ್ಕ ವಯಸ್ಸಿನಲ್ಲಿ ಹೋಗಿರಬೇಕು ಎಂದುಕೊಂಡಳು. ಎಸ್ಕೋ ರೈಲು ಹತ್ತಿದ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ಫೋಟೋಗೆ ಕುಂಕುಮ ಇಟ್ಟಳು.

ಆಮೇಲೆ ಅದು ಎಡೆಗೆ ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ಮಗ್ಗಕ್ಕೆ ಬಂದವಳು ಬಾಗಿಲು ತೆರೆದು, ಬಂದೆ ಅಕ್ಕ ಅನ್ನುವಳು. ಮೊದಲ ಬಸಿರು ನಿಲ್ಲದೆ ಹೋದಾಗ ಅತ್ತದ್ದು ಆ ಬಾಗಿಲ ಮುಂದೆ. ಮಗಳು ಕೃತ್ತಿಕಾ ಹುಟ್ಟಿದ ಮೇಲೆ ಮೂರು ತಿಂಗಳ ಕೂಸನ್ನು ತಂದು ಮೊದಲು ತೋರಿಸಿದ್ದು ಅಲ್ಲೇ. ರಂಗಸಾಮಿಗೆ ಬಣ್ಣದ ಕಾರ್ಖಾನೆಯ ಆವಿ ಕುಡಿದು ಎದೆ ಕೆಟ್ಟಾಗ, ಅತ್ತೆ ಕೊನೆಯ ಮಾತೂ ಆಡದೆ ತೀರಿಕೊಂಡಾಗ, ಮಗಳು ಕಾಲೇಜಿಗೆ ಸೇರಿದಾಗ, ಹೇಳಿಕೊಂಡದ್ದೆಲ್ಲ ಅಲ್ಲೇ. ಆ ಹಲ್ಲುಸಂದಿನ ನಗೆ ಯಾವುದಕ್ಕೂ ಎದುರಾಡಲಿಲ್ಲ. ಹತ್ತಿರದವರ ಹತ್ತಿರ ಹೇಳಿದರೆ ಅವರು ಸಮಾಧಾನ ಹೇಳಿ ಇನ್ನಷ್ಟು ಕೆಡಿಸುತ್ತಾರೆ. ಇವಳಲ್ಲಿ ಆ ಕಾಟವಿರಲಿಲ್ಲ. ಜಾನಕಿಯಮ್ಮನಿಗೆ ಅವಳ ಮೇಲೆ ಪ್ರೀತಿ ಇತ್ತು, ಒಡಹುಟ್ಟಿದವರ ಮೇಲೆ ಇರುವಷ್ಟೇ ಇತ್ತು. ಅದನ್ನು ಬೇರೆ ಹೇಗೆ ಹೇಳುವುದು?

ಹೋದ ವರ್ಷ ರಾಜೇಂದ್ರನ್ ಕಂಪ್ಯೂಟರಿನ ಹೊಸ ಯಂತ್ರಗಳನ್ನು ತಂದು, ಹಳೆಯ ಮಗ್ಗವನ್ನು ಗುಜರಿಗೆ ಹಾಕುವ ಮಾತೆತ್ತಿದರು. ಜಾನಕಿಯಮ್ಮ ಆ ವಾರವೆಲ್ಲ ಅವರೊಡನೆ ಮಾತು ಬಿಟ್ಟಳು. ಅಷ್ಟರಲ್ಲೇ ಹಲ್ಲಕೋಸ್ಕಿಯಿಂದ ಕಂಪನಿಗೆ ಇ-ಮೇಲ್ ಬಂತು. ಗಿರಣಿಯ ರಿಬ್ಬನ್ ಕೋಣೆಯನ್ನು ಊರಿನವರೇ ಸೇರಿ ಮ್ಯೂಸಿಯಂ ಮಾಡುತ್ತಿದ್ದಾರೆ, ತಮ್ಮ ಮಗ್ಗಗಳು ಎಲ್ಲೆಲ್ಲಿ ಹೋದವೆಂದು ಹುಡುಕುತ್ತಿದ್ದಾರೆ, ಒಂದಾದರೂ ಉಳಿದಿದ್ದರೆ ವಾಪಸು ಬೇಕು, ನೋಡಲು ಇಬ್ಬರು ಬರುತ್ತಾರೆ. ಗುಜರಿಗಿಂತ ಅದು ವಾಸಿ ಎಂದು ಜಾನಕಿಯಮ್ಮ ಒಪ್ಪಿಕೊಂಡಳು. ಎಷ್ಟಾದರೂ ತವರಿಗೆ ಹೊರಟಿದೆ. ಆದರೆ ಫೋಟೋದವಳೂ ಅದರ ಜೊತೆಗೇ ಹೊರಟುಬಿಡುತ್ತಾಳಲ್ಲ ಎಂದು ನೆನೆದಾಗಲೆಲ್ಲ ಹೋಗಿ ಆ ಬಾಗಿಲು ತೆರೆದು ನೋಡಿಕೊಂಡು ಬರುತ್ತಿದ್ದಳು.

ಪೊಂಗಲ್ ಕಳೆದ ಮೇಲೆ ಅವರು ಬಂದರು. ಒಬ್ಬಳು ಸಾತು ಎಂಬ ಮಧ್ಯವಯಸ್ಸಿನವಳು, ಮ್ಯೂಸಿಯಂ ನೋಡಿಕೊಳ್ಳುವವಳು. ಇನ್ನೊಬ್ಬರು ಬಿಳಿ ಕೂದಲಿನ ಮುದುಕಿ. ಆ ಮಗ್ಗಗಳಲ್ಲಿ ದುಡಿದವರಲ್ಲಿ ಇನ್ನೂ ಪ್ರಯಾಣ ಮಾಡಬಲ್ಲವರು ಅವರೊಬ್ಬರೇ ಆದ್ದರಿಂದ ಗುರುತು ಹಿಡಿಯಲು ಕರೆತಂದಿದ್ದರು. ಮುದುಕಿಗೆ ತಮ್ಮ ಭಾಷೆ ಬಿಟ್ಟು ಬೇರೊಂದು ಬಾರದು. ಅವರ ಮಾತನ್ನು ಸಾತು ಇಂಗ್ಲಿಷಿಗೆ ತಿರುಗಿಸಬೇಕು, ಅದನ್ನು ಕೃತ್ತಿಕಾ ಕನ್ನಡಕ್ಕೆ. ಕೃತ್ತಿಕಾ ಈಗ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಮರ್ಚಂಡೈಸರ್, ಪರದೇಶದವರೊಡನೆ ಮಾತಾಡುವುದೇ ಅವಳ ಉದ್ಯೋಗ. ಅಮ್ಮನಿಗಾಗಿ ರಜೆ ಹಾಕಿ ಬಂದಿದ್ದಳು.

ಮೊದಲು ಆಫೀಸು ಕೋಣೆಯಲ್ಲಿ ಟೀ ಆಯಿತು, ಸಾತು ತನ್ನ ಊರಿನ ಕಥೆ ಹೇಳಿದಳು. ಹೊಳೆಯ ಇಳಿಜಾರಿನಲ್ಲಿ ಮೊದಲು ಒಂದು ಹಿಟ್ಟಿನ ಗಿರಣಿ ಮಾತ್ರ ಇತ್ತಂತೆ. ಆಮೇಲೆ ಯಾರೋ ಒಬ್ಬ ನೀರಿನ ರಭಸ ನೋಡಿ ರಿಬ್ಬನ್ ಗಿರಣಿ ಹಾಕಿದ, ಅದರ ಸುತ್ತ ಊರು ಬೆಳೆಯಿತು. ಒಮ್ಮೆ ಬೆಂಕಿ ಬಿದ್ದು ಚರ್ಚು ಮತ್ತು ಗಿರಣಿ ಬಿಟ್ಟು ಉಳಿದದ್ದೆಲ್ಲ ಸುಟ್ಟುಹೋಯಿತು, ಮತ್ತೆ ಕಟ್ಟಿಕೊಂಡರು. ಯುದ್ಧದಲ್ಲಿ ಗಂಡಸರು ಗಡಿಗೆ ಹೋದರು, ಹೆಂಗಸರೇ ಮಗ್ಗಗಳನ್ನು ಓಡಿಸಿದರು. ಗಂಡಸರು ಬಂದ ಮೇಲೂ ಮಗ್ಗ ಬಿಟ್ಟುಕೊಡಲಿಲ್ಲ. ಗಿರಣಿಯ ಕೂಗಿಗೆ ಊರಿನ ಗಡಿಯಾರಗಳೆಲ್ಲ ನಡೆಯುತ್ತಿದ್ದವು. ಮದುವಣಗಿತ್ತಿಯ ತಲೆಗೆ ಕಟ್ಟುವ ರಿಬ್ಬನ್ನೂ ಅಲ್ಲಿಯದೇ, ಹೆಣದ ಮೇಲಿನ ಹೂಮಾಲೆಗೆ ಕಟ್ಟುವ ರಿಬ್ಬನ್ನೂ ಅಲ್ಲಿಯದೇ. ಶನಿವಾರ ಎಲ್ಲರೂ ಬಿಸಿ ಹಬೆಯ ಕೋಣೆಯಲ್ಲಿ ಕೂತು ಬೆವರಿ ಹೊಳೆಗೆ ಹಾರುತ್ತಾರೆ, ದಿನಕ್ಕೆ ಎಷ್ಟು ಸಲ ಬೇಕಾದರೂ ಕಾಫಿ ಕುಡಿಯುತ್ತಾರೆ, ಮಾತು ಮಾತ್ರ ಕಡಿಮೆ. ಪಕ್ಕದ ಮನೆಗೆ ಹೊಸಬರು ಬಂದರೆ ಚಳಿಗಾಲ ಒಂದೆರಡು ಕಳೆಯಲಿ ಅಂತ ಕಾದು ಆಮೇಲೆ ತಲೆ ಆಡಿಸುತ್ತಾರಂತೆ. ರಷ್ಯಾಕ್ಕೆ ಮಾಲು ಹೋಗುವುದು ನಿಂತ ಮೇಲೆ ಗಿರಣಿ ಮುಚ್ಚಿತು, ಶಾಲೆ ಪಕ್ಕದೂರಿನ ಶಾಲೆಗೆ ಸೇರಿತು, ಈಗ ಒಂದು ಅಂಗಡಿ, ಒಂದು ಚರ್ಚು, ತುಂಬ ಮುದುಕರು. ಊರು ಮುಗಿಯಿತು ಅಂತ ಸರ್ಕಾರದವರು ಹೇಳಿದರೆ, ಆ ಮುದುಕರು ಏನೂ ಎದುರು ಹೇಳದೆ ಮಾರನೆಯ ದಿನದಿಂದ ಗಿರಣಿಗೆ ಬಣ್ಣ ಹೊಡೆಯಲು ಶುರುಮಾಡಿದರು.

ಜಾನಕಿಯಮ್ಮ ಬಾಯಿ ಬಿಟ್ಟು ಕೇಳಿದಳು. ಸಿರುಮುಗೈಯ ಬೀದಿಯಲ್ಲಿ ಒಂದೊಂದೇ ಮಗ್ಗದ ಸದ್ದು ನಿಂತು ಕಡೆಗೆ ಕಾಗೆಯ ಸದ್ದು ಮಾತ್ರ ಉಳಿದದ್ದು ಅವಳಿಗೆ ನೆನಪಾಯಿತು. ಇಷ್ಟು ವರ್ಷ ತಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹಲ್ಲಕೋಸ್ಕಿ ಅಷ್ಟೇನೂ ತಪ್ಪಾಗಿರಲಿಲ್ಲ ಅಂತ ಒಳಗೊಳಗೇ ಹಿಗ್ಗಿದಳು. ಆ ಹಿಗ್ಗು ಬಹಳ ಹೊತ್ತು ಬಾಳಲಿಲ್ಲ.

ಮಗ್ಗದ ಹತ್ತಿರ ಹೋದಾಗ ಮುದುಕಿ ಯಾರನ್ನೂ ಕೇಳದೆ ನೇರ ನಡೆದು, ಕತ್ತಲಲ್ಲಿ ಸ್ವಂತ ಮನೆಯ ಸ್ವಿಚ್ಚು ಹುಡುಕುವವರಂತೆ, ನೋಡದೆಯೇ ಹಿಡಿಕೆಯ ಮೇಲೆ ಕೈ ಇಟ್ಟರು. ಆಮೇಲೆ ಬಗ್ಗಿ ಪುಟ್ಟ ಬಾಗಿಲು ತೆರೆದರು. ಒಳಗೆ ಬೆಳಿಗ್ಗೆಯಷ್ಟೇ ಮುಡಿಸಿದ ಮಲ್ಲಿಗೆ, ವರ್ಷಗಳ ಕುಂಕುಮ ಪದರ ಪದರವಾಗಿ ಕೂತ ಹಣೆ. ಮುದುಕಿ ಅದನ್ನೇ ನೋಡುತ್ತ ನಿಂತರು. ಆಮೇಲೆ ಎಲ್ಲರ ಕಡೆ ತಿರುಗಿ ನಕ್ಕರು. ಮುಂದಿನ ಎರಡು ಹಲ್ಲಿನ ನಡುವೆ ಸಂದು.

ಜಾನಕಿಯಮ್ಮ ಪಕ್ಕದ ನೂಲಿನ ಗೂಡೆಯನ್ನು ಹಿಡಿದುಕೊಂಡು ನಿಂತಳು. ಸಾತು ಪರಿಚಯ ಹೇಳುತ್ತಿದ್ದಳು: ಇವರು ಹಿಲ್ಕಾ, ಈ ಮಗ್ಗ ಇವರ ಕೈಗೆ ಬಂದ ವರ್ಷ ತೆಗೆಸಿದ ಫೋಟೋ ಅದು, ಮಗ್ಗ ಜೋಡಿಸಲು ಬಂದಿದ್ದ ಎಸ್ಕೋ ಇವರ ಗಂಡ, ಅವರು ತೀರಿಕೊಂಡು ಬಹಳ ವರ್ಷಗಳಾದವು. ಈ ಕೆಂಪು ಬಣ್ಣ, ಈ ಹೂ ಏನೆಂದು ಹಿಲ್ಕಾ ಕೇಳುತ್ತಿದ್ದಾರೆ.

ಕೃತ್ತಿಕಾ ಅಮ್ಮನ ಮುಖ ನೋಡಿದಳು, ಎಲ್ಲ ಅರ್ಥವಾಯಿತು. ದಿನವೂ ಪರದೇಶದ ಗಿರಾಕಿಗಳಿಗೆ ತಡವಾದ ಮಾಲಿನ ಸಮಾಧಾನ ಹೇಳಿ ಪಳಗಿದ ಹುಡುಗಿ. ಇಂಗ್ಲಿಷಿನಲ್ಲಿ ಸರಾಗವಾಗಿ ಒಂದು ಕಥೆ ಕಟ್ಟಿದಳು. ನಮ್ಮಲ್ಲಿ ಕೆಲಸ ಕಲಿಸಿದವರನ್ನೂ ಅವರ ಮನೆಯವರನ್ನೂ ದೇವರಂತೆ ಕಾಣುತ್ತೇವೆ, ಅಮ್ಮ ನಿಮ್ಮನ್ನು ಹಾಗೆ ಪೂಜಿಸಿದ್ದಾಳೆ ಅಂತ. ಹಿಲ್ಕಾ ನಾಚಿ ಕೆಂಪಾದರು. ಜಾನಕಿಯಮ್ಮನ ಕೈ ಹಿಡಿದು ಮೇಲಿಂದ ಮೇಲೆ ಅಲ್ಲಾಡಿಸಿದರು. ಆ ಬೆಚ್ಚನೆಯ ಕೈ ತಗಲಿದಾಗ ಜಾನಕಿಯಮ್ಮನಿಗೆ ಬೆಂಕಿ ಮುಟ್ಟಿದಂತಾಗಿ, ನಾಳೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬೇಕೆಂದು ಹೇಳಲು ಮಗಳಿಗೆ ಅಂದು ಅಲ್ಲಿಂದ ಹೊರಟುಬಿಟ್ಟಳು.

ಮನೆಗೆ ಬಂದು ಗಂಡನ ಮುಂದೆ ಕೂತು ಅತ್ತಳು. ಬದುಕಿರುವ ಮುತ್ತಿನಂಥ ಹೆಂಗಸಿಗೆ ವರ್ಷವರ್ಷವೂ ಸತ್ತವರ ಎಲೆ ಹಾಕಿದ್ದೇನೆ, ಅವರ ಆಯುಸ್ಸು ತಿಂದಿದ್ದೇನೆ, ಅವರ ಗಂಡ ಹೋದದ್ದೂ ಅದರಿಂದಲೇ ಇರಬೇಕು ಅಂದಳು. ರಂಗಸಾಮಿ ಕೆಮ್ಮು ನಿಲ್ಲುವವರೆಗೆ ಕಾದು ಮೆಲ್ಲಗೆ ಹೇಳಿದ:

"ಊಟ ತಾನೆ ಇಟ್ಟೆ ಜಾನಕಿ? ವಿಷ ಇಟ್ಟಿಲ್ಲವಲ್ಲ."

ಆ ಮಾತಿಗೆ ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ದೇವರು ಅಂತ ಹೇಳಿ ಆಗಿದೆ, ಅವರಿಗೂ ಸಂತೋಷವಾಗಿದೆ, ಅಲ್ಲಿಗೆ ಬಿಡು ಅಂತ ಕೃತ್ತಿಕಾ ಬುದ್ಧಿ ಹೇಳಿದಳು. ಪರದೇಶದಿಂದ ಬಂದ ಮುದುಕಿಗೆ, ನೀವು ಸತ್ತಿದ್ದೀರಿ ಅಂದುಕೊಂಡಿದ್ದೆವು ಎಂದು ಮುಖಕ್ಕೆ ಹೇಳುವುದು ಯಾವ ಮರ್ಯಾದೆ? ಮಗಳ ಮಾತಿನಲ್ಲಿ ತಪ್ಪಿಲ್ಲ. ಆದರೆ ಜಾನಕಿಯಮ್ಮ ಆ ಹೆಂಗಸಿನ ಹತ್ತಿರ ಈವರೆಗೆ ಒಂದೂ ಸುಳ್ಳು ಹೇಳಿರಲಿಲ್ಲ. ಗಂಡನಿಗೆ ಹೇಳಿದ್ದಾಳೆ, ಅತ್ತೆಗೆ ಧಾರಾಳವಾಗಿ ಹೇಳಿದ್ದಾಳೆ, ಅವರ ಮುಂದೆ ಮಾತ್ರ ಇಲ್ಲ. ಅವರು ಎರಡು ದಿನದಲ್ಲಿ ಹೊರಟುಹೋಗುತ್ತಾರೆ. ಸುಳ್ಳನ್ನು ಕೊಟ್ಟು ಕಳಿಸಿದರೆ ತನಗೆ ಆ ಅಕ್ಕ ಇಲ್ಲದಂತೆಯೇ. ನಿಜ ಹೇಳಿ ಅವರು ಮುಖ ತಿರುಗಿಸಿದರೂ ಇಲ್ಲದಂತೆಯೇ.

ಮರುದಿನ ಅವಳು ಎಡೆಗೆ ಇಡುವ ಯಾವ ಅಡುಗೆಯನ್ನೂ ಮಾಡಲಿಲ್ಲ. ಕುಂಬಳಕಾಯಿ ಇಲ್ಲ, ಬಾಳೆಕಾಯಿ ಇಲ್ಲ, ವಡೆ ಇಲ್ಲ. ಮದುವೆಯಾದ ಮಗಳು ಗಂಡನ ಜೊತೆ ಬಂದರೆ ಏನು ಮಾಡುತ್ತಾರೋ ಅದೇ: ಒಬ್ಬಟ್ಟು, ಚಿತ್ರಾನ್ನ, ಕೋಸಂಬರಿ, ತೊವ್ವೆ, ತುಪ್ಪ. ಹಿಲ್ಕಾ ಅವರಿಗೆ ನೆಲದಲ್ಲಿ ಕೂರಲಾಗದು ಎಂದು ಹೊಲಿಗೆ ಮಿಷನ್ನಿನ ಮೇಜನ್ನೇ ಒರೆಸಿ ಮುಂದೆ ಎಳೆದಳು. ಬಾಳೆ ಎಲೆಯನ್ನು ನೆಂಟರಿಗೆ ಹಾಸುವಂತೆ ತುದಿ ಎಡಕ್ಕೆ ಬರುವ ಹಾಗೆ ಹಾಸಿದಳು, ಸರಿಯಾಗಿದೆಯೇ ಅಂತ ಮತ್ತೊಮ್ಮೆ ನೋಡಿದಳು. ಹಿಲ್ಕಾ, ಸಾತು ಬಂದು ಕೂತ ಮೇಲೂ ಬಡಿಸದೆ, ಅನ್ನದ ಪಾತ್ರೆ ಹಿಡಿದು ಮಗಳ ಕಡೆ ತಿರುಗಿದಳು.

"ಕಣ್ಣು, ನಿಜ ಯೋಳು ಇವ್ರಿಗೆ. ಸುಳ್ಳು ಇಟ್ಕೊಂಡು ಈ ಎಲೆಗೆ ಬಡಿಸಕ್ಕೆ ನಂಗೆ ಕೈ ಬರಲ್ಲ. ಎದ್ದು ಹೋದ್ರೆ ಹೋಗ್ಲಿ."

ಕೃತ್ತಿಕಾ ಅಪ್ಪನ ಕಡೆ ನೋಡಿದಳು, ಅಪ್ಪ ತಲೆ ಆಡಿಸಿದ. ಅವಳು ಹೇಳಿದಳು. ಎಲ್ಲವನ್ನೂ ಹೇಳಿದಳು: ಮಗ್ಗದಲ್ಲಿ ಮೊದಲು ಕೂತವರನ್ನು ನೆನೆಯುವ ತಾತನ ಕಟ್ಟಳೆ, ಫೋಟೋದ ಕೆಳಗಿನ ಇಸವಿ, ಅಮಾವಾಸ್ಯೆಯ ಎಲೆ, ಇಷ್ಟು ವರ್ಷ. ಕೇಳುತ್ತ ಕೇಳುತ್ತ ಸಾತುವಿನ ಮುಖ ಪೆಚ್ಚಾಯಿತು. ಅವಳು ಅದನ್ನು ತನ್ನ ಭಾಷೆಯಲ್ಲಿ ನಿಧಾನವಾಗಿ ಹೇಳಿದಳು. ಹಿಲ್ಕಾ ಎಲೆಯ ಮೇಲೆ ಕಣ್ಣು ನೆಟ್ಟು ಕೂತರು. ಹಲ್ಲಕೋಸ್ಕಿಯವರಿಗೆ ಮಾತು ಕಡಿಮೆ ಎಂದು ಗೊತ್ತಿದ್ದರೂ ಜಾನಕಿಯಮ್ಮನಿಗೆ ಆ ಮೌನ ತಡೆಯಲಾಗಲಿಲ್ಲ.

"ಎಸ್ಕೋ ಅಣ್ಣ ಫೋಟೋ ತೋರ್ಸಿ ಅತ್ರು ಅಂತ ಯೋಳು. ಅದಕ್ಕೇ ನಾನು ಅಂಗೆ ಅಂದ್ಕೊಂಡೆ. ಇಲ್ದಿದ್ರೆ ಯಾಕೆ ಅಂದ್ಕೋತಿದ್ದೆ?"

ಇದು ಹೋಗಿ ಮುಟ್ಟಿದಾಗ ಹಿಲ್ಕಾ ತಲೆ ಎತ್ತಿದರು. ಏನೋ ಕೇಳಿದರು. ಸಾತು ಅದನ್ನು ಕೃತ್ತಿಕಾಳಿಗೆ ಕೇಳಿದಳು, ಕೃತ್ತಿಕಾ ಅಮ್ಮನಿಗೆ: ಎಸ್ಕೋ ಅತ್ತದ್ದು ನಿಜವೇ, ಅಮ್ಮ ಕಣ್ಣಾರೆ ನೋಡಿದಳೇ? ಜಾನಕಿಯಮ್ಮ ಪಾತ್ರೆ ಕೆಳಗಿಟ್ಟು ಅವನು ಮಾಡಿದ್ದನ್ನೇ ಮಾಡಿ ತೋರಿಸಿದಳು. ಬೆರಳನ್ನು ಗಾಳಿಯಲ್ಲಿ ಒಂದು ಮುಖದ ಮೇಲೆ ಇಟ್ಟಳು, ಮಗ್ಗದ ಮೇಲೆ ಇಟ್ಟಳು, ಎದೆಯ ಮೇಲೆ ಇಟ್ಟಳು. ಕಣ್ಣಿನಿಂದ ಮೀಸೆಯವರೆಗೆ ನೀರು ಇಳಿದ ದಾರಿಯನ್ನು ತನ್ನ ಕೆನ್ನೆಯ ಮೇಲೆ ಗೆರೆ ಎಳೆದು ತೋರಿಸಿದಳು. ಕಡೆಗೆ ಎಣ್ಣೆಯ ಡಬ್ಬಿ ಹುಡುಕುವವಳಂತೆ ಬಗ್ಗಿದಳು.

ಆ ಬಗ್ಗುವುದನ್ನು ನೋಡಿ ಹಿಲ್ಕಾ ಬಾಯಿಗೆ ಕೈ ಅಡ್ಡ ಹಿಡಿದರು. ಮುಖ ಮುಚ್ಚಿಕೊಳ್ಳಲು ಎಸ್ಕೋ ಯಾವಾಗಲೂ ಹಾಗೇ ಬಗ್ಗುತ್ತಿದ್ದನಂತೆ. ಮದುವೆಯ ದಿನ, ಅವನ ತಾಯಿ ಹೋದ ದಿನ, ಗಿರಣಿ ಮುಚ್ಚಿದ ದಿನ, ಯಾವತ್ತೂ ಅವನ ಕಣ್ಣಲ್ಲಿ ಅವರು ನೀರು ನೋಡಿದವರಲ್ಲ. ಪ್ರೀತಿ ಅನ್ನುವ ಮಾತನ್ನೂ ಅವನ ಬಾಯಿಂದ ಕೇಳಿದವರಲ್ಲ. ಅವರ ಊರಿನಲ್ಲಿ ಗಂಡಸರು ಅದನ್ನು ಹೇಳುವುದಿಲ್ಲ, ಸೌದೆ ಒಡೆದು ಹಾಕುತ್ತಾರೆ. ಇಲ್ಲಿಂದ ತಿರುಗಿ ಬಂದವನನ್ನು ಇಂಡಿಯಾ ಹೇಗಿತ್ತು ಎಂದು ಕೇಳಿದ್ದಕ್ಕೆ, ಬಿಸಿ ಅಂದನಂತೆ. ಅಷ್ಟೇ ಹೇಳಿದ್ದು, ಸಾಯುವವರೆಗೂ. ಹೇಳುತ್ತ ಹೇಳುತ್ತ ಹಿಲ್ಕಾ ನಗುತ್ತಿದ್ದರು, ಕಣ್ಣೀರು ಗಲ್ಲಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ. ಜಾನಕಿಯಮ್ಮ ತನ್ನ ಸೆರಗಿನಿಂದಲೇ ಒರೆಸಿದಳು.

ಆಮೇಲೆ ಹಿಲ್ಕಾ ಎಡೆಯ ವಿಷಯ ಕೇಳಿದರು. ಎಲೆಯಲ್ಲಿ ಏನೇನು ಇಡುತ್ತಿದ್ದೆ, ಯಾವ ತಿಂಗಳು, ಬಡಿಸಿದ ಮೇಲೆ ಏನು ಮಾಡುತ್ತಿದ್ದೆ. ಕಾಫಿಯನ್ನೂ ಇಡುತ್ತಿದ್ದಳು ಎಂದು ತಿಳಿದಾಗ ಗಂಭೀರವಾಗಿ ತಲೆ ಆಡಿಸಿದರು. ಅವರೂರಿನಲ್ಲೂ ಅಂಥದೊಂದು ಸಂಜೆ ಇದೆಯಂತೆ. ಚಳಿ ಶುರುವಾಗುವ ಹೊತ್ತಿಗೆ ಎಲ್ಲರೂ ಚರ್ಚಿನ ಅಂಗಳಕ್ಕೆ ಹೋಗಿ ತಮ್ಮವರ ಸಮಾಧಿಗಳ ಮೇಲೆ ಮೇಣದ ದೀಪ ಹಚ್ಚುತ್ತಾರೆ. ಹಿಲ್ಕಾ ಎಸ್ಕೋಗೆ ಹಚ್ಚುತ್ತಾರೆ, ಅಮ್ಮನಿಗೆ, ರಿಬ್ಬನ್ ಕೋಣೆಯ ಗೆಳತಿಯರಿಗೆ ಒಂದೊಂದು. ಮಕ್ಕಳಿಲ್ಲ. ಹಚ್ಚಿ ಮನೆಗೆ ಬಂದು ಒಬ್ಬರೇ ಊಟಕ್ಕೆ ಕೂತಾಗ, ನನ್ನ ನಂತರ ನಮ್ಮಿಬ್ಬರಿಗೂ ಹಚ್ಚುವವರಿಲ್ಲ ಎಂಬ ಅಳುಕು ಪ್ರತಿ ವರ್ಷವೂ ಜೊತೆಗೆ ಕೂರುತ್ತಿತ್ತು ಅಂದರು.

ಅವರು ಕಡೆಗೆ ಹೇಳಿದ್ದನ್ನು ಕೃತ್ತಿಕಾ ಒಂದೇ ಸಲಕ್ಕೆ ಕನ್ನಡ ಮಾಡಲಾರದೆ, ಸಾತುವನ್ನು ಇನ್ನೊಮ್ಮೆ ಕೇಳಿ ಹೇಳಿದಳು.

"ನಿಲ್ಲಿಸ್ಬೇಡ ಅಂತಾರೆ ಅಮ್ಮ. ನಿಜವಾಗ್ಲೂ ನಾನು ಹೋದ ಮೇಲೆ ಮತ್ತೆ ಇಡ್ತೀಯಾ ಅಂತ ಕೇಳ್ತಾರೆ."

ಜಾನಕಿಯಮ್ಮ ಅನ್ನದ ಪಾತ್ರೆ ಎತ್ತಿಕೊಂಡಳು. ಎಲೆಯ ನಡುವೆ ಅಚ್ಚುಕಟ್ಟಾಗಿ ಬಡಿಸಿ, ಮೇಲೆ ತೊವ್ವೆ ಹಾಕಿ, ತುಪ್ಪ ಬಿಟ್ಟಳು. ಒಬ್ಬಟ್ಟನ್ನು ಎರಡು ಇಟ್ಟು, ಸಾಲದು ಅನ್ನಿಸಿ ಇನ್ನೊಂದು ಇಟ್ಟಳು.

"ಎಸ್ಕೋ ಅಣ್ಣನಿಗೆ ಬರೋ ಅಮಾವಾಸ್ಯೆಗೇ ಇಡ್ತೀನಿ ಅಂತ ಯೋಳು. ಅಕ್ಕನ್ದಕ್ಕೆ ಇನ್ನೂ ಬೇಕಾದಷ್ಟು ಕಾಲ ಐತೆ. ಈಗ ಅನ್ನ ಆರೋಗ್ತೈತೆ, ಉಣ್ಣಕ್ಕೆ ಯೋಳು."

ಹಿಲ್ಕಾ ಚಮಚ ಬೇಡವೆಂದು ಅಂಗಿಯ ತೋಳು ಮಡಚಿಕೊಂಡು, ಜೊತೆಗೆ ಊಟಕ್ಕೆ ಕೂತ ರಂಗಸಾಮಿ ಹೇಗೆ ಕಲಸುತ್ತಾನೆ ಅಂತ ನೋಡಿ, ತಾವೂ ಹಾಗೇ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಜಾನಕಿಯಮ್ಮ ಪಕ್ಕದಲ್ಲೇ ನಿಂತು ಅವರು ನುಂಗುವವರೆಗೆ ನೋಡಿದಳು.